ಸತ್ತಿಲ್ಲ, ಬಾಗಿಲು ಹಾಕ್ಕೊಂಡಿದೆ ಅಷ್ಟೇ!

ಮೊನ್ನೆ ಶನಿವಾರ ರಾತ್ರಿ ಒಂದು ಎಟಿಮೆಗಾ8 ಮೈಕ್ರೋಕಂಟ್ರೋಲರನ್ನು ಕೊಂದೆ. ಕೊಂದೆ ಅಂತಲೇ ಅಂದ್ಕೊಂಡಿದ್ದೆ.

ಈ ಚಿಪ್ಪಿನೊಳಗೆ ಫ್ಯೂಸ್ ಬಿಟ್ಸ್ ಅಂತ ಇರುತ್ತವೆ. ಮನೆಯ ಮೇನ್ ಬೋರ್ಡಿನ ಫ್ಯೂಸ್ ಅಲ್ಲ. ಕ್ಲಾಕ್ ಎಲ್ಲಿಂದ ಬರಬೇಕು, ರೀಸೆಟ್ ಪಿನ್ ಏನು ಮಾಡಬೇಕು ಅಂತ ಚಿಪ್ ನೆನಪಿಟ್ಟುಕೊಳ್ಳೋ ಜಾಗ. ಹೊಸ ಚಿಪ್ಪಲ್ಲಿ ಲೋ ಫ್ಯೂಸ್ ಇ1 ಇರುತ್ತೆ, ಅಂದ್ರೆ ಒಳಗಿನದೇ 1 ಮೆಗಾಹರ್ಟ್ಸ್ ಕ್ಲಾಕ್. ನನಗೆ 8 ಬೇಕಿತ್ತು, ಇ4 ಬರೀಬೇಕಿತ್ತು. ನಿದ್ದೆಗಣ್ಣಲ್ಲಿ ಇ0 ಬರೆದೆ. ಇ0 ಅಂದ್ರೆ "ಕ್ಲಾಕ್ ಹೊರಗಿನಿಂದ ಬರುತ್ತೆ" ಅಂತ. ಹೊರಗೆ ಏನೂ ಇಲ್ಲ, ಹಾಗಾಗಿ ಚಿಪ್ ಮಾತೇ ಆಡಲಿಲ್ಲ. ತಪ್ಪು ತಿದ್ದೋಣ ಅಂದ್ರೂ ಪ್ರೋಗ್ರಾಮರಿಗೆ ಉತ್ತರ ಕೊಡೋಕೆ ಅದಕ್ಕೆ ಕ್ಲಾಕ್ ಬೇಕು!

ಪರಿಹಾರ ಅದರಲ್ಲೇ ಇದೆ ನೋಡಿ. ಕೇಳಿದ್ದನ್ನ ಕೊಟ್ಟರಾಯ್ತು. ಇನ್ನೊಂದು ಚಿಪ್ಪಿಗೆ ಒಂದು ಪಿನ್ನನ್ನು ಒಂದೇ ಸಮನೆ ಆನ್-ಆಫ್ ಮಾಡೋ ನಾಲ್ಕು ಸಾಲಿನ ಪ್ರೋಗ್ರಾಂ ಹಾಕಿದೆ. ಆ ಪಿನ್ನಿಂದ ಸತ್ತ ಚಿಪ್ಪಿನ 9ನೇ ಪಿನ್ನಿಗೆ ಒಂದು ವೈರ್, ಎರಡರ ಗ್ರೌಂಡನ್ನೂ ಸೇರಿಸಿದ್ದಾಯ್ತು. ಪ್ರೋಗ್ರಾಮರಿನ ವೇಗ ಆ ಕ್ಲಾಕಿನ ಕಾಲು ಭಾಗಕ್ಕಿಂತ ಕಡಿಮೆ ಇರಬೇಕು, ಅದನ್ನೂ ಇಳಿಸಿದೆ. ಚಿಪ್ ಕಣ್ಣು ಬಿಡ್ತು. ಇ4 ಬರೆದೆ, ವೈರ್ ಕಿತ್ತೆ :)

ಖುಷಿಗಿಂತ ಹೊಟ್ಟೆ ಉರಿದದ್ದೇ ಜಾಸ್ತಿ. ನಮ್ಮ ಕಾಲೇಜಿನ ಲ್ಯಾಬಲ್ಲಿ "ಸತ್ತ" ಚಿಪ್ಪುಗಳಿಗೆ ಅಂತಲೇ ಒಂದು ಡಬ್ಬ ಇತ್ತು. ಪ್ರಾಜೆಕ್ಟ್ ವೈವಾದ ಹಿಂದಿನ ದಿನ ನನ್ನ ಗೆಳೆಯನ ಚಿಪ್ ಆ ಡಬ್ಬ ಸೇರಿತು, ಎಲ್ಲರೆದುರು ಬೈಗುಳವೂ ಬಿತ್ತು. ಅವತ್ತಿಂದ ಅವನು ಹಾರ್ಡ್‌ವೇರ್ ಕಡೆ ತಲೆ ಹಾಕಲಿಲ್ಲ. ಆ ಡಬ್ಬದಲ್ಲಿ ಎಷ್ಟು ಚಿಪ್ಪುಗಳು ಬರೀ ಕ್ಲಾಕಿಗೆ ಕಾಯ್ತಾ ಇದ್ದವೋ!

"ಫ್ಯೂಸ್ ಮುಟ್ಟಬೇಡಿ" ಅನ್ನೋದೊಂದೇ ನಮಗೆ ಹೇಳಿಕೊಟ್ಟ ಪಾಠ. ಅದು ಪಾಠ ಅಲ್ಲ, ಹೆದರಿಕೆ. ನನ್ನ ಕೇಳಿದ್ರೆ ಮೊದಲ ವಾರವೇ ಪ್ರತಿಯೊಬ್ಬರ ಕೈಲೂ ಬೇಕಂತಲೇ ಒಂದು ಚಿಪ್ ಲಾಕ್ ಮಾಡಿಸಬೇಕು, ಆಮೇಲೆ ಅವರಿಂದಲೇ ಎಬ್ಬಿಸಬೇಕು. ಬಿದ್ದು ಎದ್ದವನಿಗೆ ಸೈಕಲ್ ಭಯ ಇರಲ್ಲ.

ಹಾಗಂತ ಎಲ್ಲಾ ಬೀಗಕ್ಕೂ ಇದೇ ಕೀಲಿ ಅಲ್ಲ. ರೀಸೆಟ್ ಪಿನ್ನನ್ನೇ ಆಫ್ ಮಾಡೋ ಫ್ಯೂಸ್ ಬರೆದರೆ, ಆ ಪಿನ್ನಿಗೆ 12 ವೋಲ್ಟ್ ಕೊಡೋ ಬೇರೆ ಥರದ ಪ್ರೋಗ್ರಾಮರ್ ಬೇಕು. ಎಸ್‌ಟಿಎಂ32ರ ಅನೇಕ ಚಿಪ್ಪುಗಳಲ್ಲಿ ಓದು-ರಕ್ಷಣೆಯ 2ನೇ ಹಂತಕ್ಕೆ ಹೋದರೆ ವಾಪಸ್ ದಾರಿಯೇ ಇಲ್ಲ. ಯಾವುದು ತಿರುಗಿ ಬರುತ್ತೆ, ಯಾವುದು ಬರಲ್ಲ ಅಂತ ಗೊತ್ತಿರೋದೇ ನಿಜವಾದ ಎಚ್ಚರಿಕೆ. ಅದಕ್ಕೇ ಈಗ ನಾನು ಬರೆಯೋ ಮುಂಚೆ ಹಳೇ ಫ್ಯೂಸ್ ಓದಿ ಚೀಟಿಯಲ್ಲಿ ಗುರುತು ಹಾಕ್ಕೋತೀನಿ.

ನಿಮ್ಮ ಹತ್ರಾನೂ ಅಂಥ ಡಬ್ಬ ಇದ್ರೆ ಎಸೀಬೇಡಿ ಮಾರಾಯ್ರೇ. ಮೊದಲು ಒಂದು ಕ್ಲಾಕ್ ಕೊಟ್ಟು ನೋಡಿ. ಎದ್ದರೆ ನನಗೂ ತಿಳಿಸಿ.