ವೈದ್ಯನಿಗೂ ನಿದ್ರೆ ಬೇಡವೆ?

ವೈದ್ಯನನ್ನು ಸಾಕ್ಷಾತ್ ನಾರಾಯಣನೆಂದು ಭಾವಿಸುವುದು ನಮ್ಮ ಹಿರಿಯರಿಂದ ಬಂದ ವಾಡಿಕೆ. ಈ ಗೌರವಕ್ಕೆ ಯಾರ ಆಕ್ಷೇಪವೂ ಇರಲಾರದು. ಆದರೆ ಆ ನಾರಾಯಣನೂ ಆದಿಶೇಷನ ಮೇಲೆ ಪವಡಿಸಿ ನಿದ್ರಿಸುವವನೇ ಎಂಬುದನ್ನು ನಾವು ಮರೆತಂತೆ ಕಾಣುತ್ತದೆ. ದೊಡ್ಡ ಆಸ್ಪತ್ರೆಗಳಲ್ಲಿ ರಾತ್ರಿಯೆಲ್ಲ ವಾರ್ಡಿನಿಂದ ವಾರ್ಡಿಗೆ ಓಡಾಡಿ, ಮರುದಿನವೂ ಮನೆಗೆ ಹೋಗಲಾರದ ತರುಣ ವೈದ್ಯರಿಗೆ ಆ ಭಾಗ್ಯ ಅಪರೂಪ. ಇದು ಕೇವಲ ಅವರ ಕಷ್ಟಸುಖದ ಮಾತಲ್ಲ. ರೋಗಿಯ ಪ್ರಾಣಕ್ಕೆ ಸಂಬಂಧಿಸಿದ ವಿಷಯ.

ವೈದ್ಯ ಶಿಕ್ಷಣದ ದಾರಿ ದೀರ್ಘವಾದುದು. ಎಂ.ಬಿ.ಬಿ.ಎಸ್. ಪದವಿಗೆ ನಾಲ್ಕೂವರೆ ವರ್ಷಗಳ ವ್ಯಾಸಂಗ. ಅನಂತರ ಒಂದು ವರ್ಷ ಹೌಸ್ ಸರ್ಜನ್ ಆಗಿ ಸೇವೆ. ತಜ್ಞನೆನಿಸಿಕೊಳ್ಳಬೇಕಾದರೆ ಮತ್ತೆ ಮೂರು ವರ್ಷ. ಹದಿನೆಂಟನೆಯ ವಯಸ್ಸಿನಲ್ಲಿ ಕಾಲೇಜು ಸೇರಿದವರು ಎಲ್ಲಿಯೂ ಎಡವದೆ ನಡೆದರೂ ಇಪ್ಪತ್ತೇಳರ ಹತ್ತಿರ ಬಂದಿರುತ್ತಾರೆ. ಮದುವೆ, ಮಕ್ಕಳು, ವಯಸ್ಸಾಗುತ್ತಿರುವ ತಂದೆತಾಯಿಗಳ ಹೊಣೆ ಇವೆಲ್ಲವೂ ಬಾಳನ್ನು ಪ್ರವೇಶಿಸುವುದು ಇದೇ ವರ್ಷಗಳಲ್ಲಿ. ಹಬ್ಬಕ್ಕೆಂದು ಬಂದ ಮಗಳು ಎಲೆಯ ಮುಂದೆಯೇ ತೂಕಡಿಸುವುದನ್ನು ಕಂಡು ಕಣ್ಣೊರೆಸಿಕೊಳ್ಳುವ ತಾಯಂದಿರು ಉಂಟು. ಹಾಲು ಕುಡಿಯುವ ಕೂಸನ್ನು ಅಜ್ಜಿಯ ಕೈಗೊಪ್ಪಿಸಿ ರಾತ್ರಿಯ ಪಾಳಿಗೆ ಹೊರಡುವ ವೈದ್ಯೆಯರೂ ಉಂಟು.

ಈ ಪದ್ಧತಿಯ ಮೂಲವನ್ನು ಅರಸಿದರೆ ಅಮೆರಿಕದ ಬಾಲ್ಟಿಮೋರ್ ನಗರಕ್ಕೆ ಹೋಗಬೇಕು. ಅಲ್ಲಿ 1889ರಲ್ಲಿ ಪ್ರಾರಂಭವಾದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ ತನ್ನ ಶಿಷ್ಯರನ್ನು ಆಸ್ಪತ್ರೆಯಲ್ಲಿಯೇ ಇರಿಸಿಕೊಂಡು ತರಬೇತು ಮಾಡಿದನು. 'ರೆಸಿಡೆಂಟ್' ಎಂದರೆ ನಿವಾಸಿ. ಆಸ್ಪತ್ರೆಯೇ ಅವನ ಮನೆ. ಸಂಸಾರವಿಲ್ಲದ ಯುವಕರ ಅಳತೆಗೆ ಹೊಲಿದ ಆ ಅಂಗಿಯನ್ನು ನಾವು ಇಂದು ಸಂಸಾರಸ್ಥರಾದ ಸ್ತ್ರೀಪುರುಷರಿಗೆ ತೊಡಿಸುತ್ತಿದ್ದೇವೆ.

ನಿದ್ರೆಯ ಕೊರತೆಯನ್ನು ಮನೋಬಲದಿಂದ ಗೆಲ್ಲಬಹುದೆಂದು ಹಲವರ ನಂಬಿಕೆ. ಪ್ರಯೋಗಗಳು ಇದನ್ನು ಒಪ್ಪುವುದಿಲ್ಲ. ಆಸ್ಟ್ರೇಲಿಯದ ಡಾಸನ್ ಮತ್ತು ರೀಡ್ ಎಂಬ ವಿಜ್ಞಾನಿಗಳು 1997ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, 17 ಗಂಟೆಗಳ ಕಾಲ ಎಚ್ಚರವಾಗಿರುವವನ ಕೈಕಣ್ಣುಗಳ ಹೊಂದಾಣಿಕೆ, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯಸಾರವಿರುವವನ ಮಟ್ಟಕ್ಕೆ ಇಳಿಯುತ್ತದೆ. 24 ಗಂಟೆಗಳಾದರೆ ಸುಮಾರು ಶೇಕಡಾ 0.10ರ ಮಟ್ಟಕ್ಕೆ. ನಮ್ಮ ದೇಶದ ಕಾನೂನು ವಾಹನ ಚಾಲಕನಿಗೆ ವಿಧಿಸಿರುವ ಮಿತಿ ಶೇಕಡಾ 0.03 ಮಾತ್ರ. ಆ ಮಿತಿಯನ್ನು ಮೀರಿದವನ ಕೈಗೆ ನಾವು ಲಾರಿಯ ಚಕ್ರವನ್ನು ಕೊಡುವುದಿಲ್ಲ. ಹಗಲಿರುಳು ಎಚ್ಚರವಾಗಿದ್ದವನ ಕೈಗೆ ಸೂಜಿಮದ್ದನ್ನು ಕೊಡುತ್ತೇವೆ!

ಆಸ್ಪತ್ರೆಯಲ್ಲಿಯೇ ನಡೆಸಿದ ಪರೀಕ್ಷೆಯೂ ಇದನ್ನು ಸಮರ್ಥಿಸುತ್ತದೆ. ಬಾಸ್ಟನ್ ನಗರದ ತೀವ್ರನಿಗಾ ವಾರ್ಡುಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದೀರ್ಘ ಪಾಳಿಗಳನ್ನು ಮೊಟಕುಗೊಳಿಸಿದ ಕ್ರಮಕ್ಕಿಂತ ಹಳೆಯ ಕ್ರಮದಲ್ಲಿ ತರುಣ ವೈದ್ಯರ ಗಂಭೀರ ತಪ್ಪುಗಳು ಶೇಕಡಾ 36ರಷ್ಟು ಹೆಚ್ಚಾಗಿದ್ದುವು. ಅಮೆರಿಕವು ಅದಕ್ಕೆ ಮೊದಲೇ, 2003ರಲ್ಲಿ, ವಾರಕ್ಕೆ 80 ಗಂಟೆಗಳ ಮಿತಿಯನ್ನು ದೇಶಕ್ಕೆಲ್ಲ ಅನ್ವಯಿಸಿತ್ತು.

ನಮ್ಮಲ್ಲಿ ನಿಯಮವೇ ಇಲ್ಲವೆನ್ನುವಂತಿಲ್ಲ. ಕೇಂದ್ರ ಸರಕಾರದ 1992ರ ನಿರ್ದೇಶನವು ಕಿರಿಯ ರೆಸಿಡೆಂಟರಿಗೆ ಸಾಮಾನ್ಯವಾಗಿ ವಾರಕ್ಕೆ 48 ಗಂಟೆ, ಒಂದೇ ಸಮನೆ 12 ಗಂಟೆಗಳಿಗೆ ಮೀರದ ಕೆಲಸವೆಂದು ಹೇಳಿತು. 2023ರ ಸ್ನಾತಕೋತ್ತರ ನಿಯಮಗಳಾದರೋ 'ಸಮಂಜಸವಾದ' ದುಡಿಮೆ, 'ಸಮಂಜಸವಾದ' ವಿಶ್ರಾಂತಿ ಎಂದಷ್ಟೇ ಹೇಳಿ, ವಾರಕ್ಕೊಂದು ರಜೆಯನ್ನು ವಿಧಿಸುತ್ತವೆ. ಗಂಟೆಗಳ ಲೆಕ್ಕವಿಲ್ಲದ ಸಮಂಜಸತೆ, ಗೀಟುಗಳಿಲ್ಲದ ಅಳತೆಗೋಲಿನಂತೆ.

ಇದಕ್ಕೆ ಪ್ರತಿವಾದವೂ ಉಂಟು. ಪಾಳಿ ಚಿಕ್ಕದಾದರೆ ಅನುಭವ ಕುಗ್ಗುವುದು, ರೋಗಿಯು ಕೈಯಿಂದ ಕೈಗೆ ದಾಟುವಾಗ ಮುಖ್ಯ ಸಂಗತಿಗಳು ತಪ್ಪಿಹೋಗುವುವು ಎನ್ನುತ್ತಾರೆ. ಅಮೆರಿಕದ ಶಸ್ತ್ರವೈದ್ಯ ವಿದ್ಯಾರ್ಥಿಗಳನ್ನು ಕುರಿತ 2016ರ ಅಧ್ಯಯನದಲ್ಲಿ, ಪಾಳಿಯ ಉದ್ದವನ್ನು ಸಡಿಲಿಸಿದಾಗ ರೋಗಿಗಳಿಗೆ ಹೆಚ್ಚಿನ ಹಾನಿ ಕಂಡುಬರಲಿಲ್ಲವೆಂಬುದೂ ನಿಜ. ಆದರೆ ಅಲ್ಲಿಯೂ ವಾರಕ್ಕೆ 80 ಗಂಟೆಗಳ ಮಿತಿ ಹಾಗೆಯೇ ಇತ್ತೆಂಬುದನ್ನು ಮರೆಯಕೂಡದು. ಇನ್ನು ರೋಗಿಯನ್ನು ಒಪ್ಪಿಸಿಕೊಡುವುದು ಕಲಿಸಬಹುದಾದ ವಿದ್ಯೆ. ಒಂಬತ್ತು ಆಸ್ಪತ್ರೆಗಳಲ್ಲಿ ಅದನ್ನು ಕ್ರಮಬದ್ಧವಾಗಿ ಕಲಿಸಿದಾಗ, ತಡೆಯಬಹುದಾದ ಹಾನಿಗಳು ಶೇಕಡಾ 30ರಷ್ಟು ತಗ್ಗಿದುವೆಂದು 2014ರ ವರದಿಯೊಂದು ತಿಳಿಸುತ್ತದೆ. ರೋಗಿಗಳು ಅಪಾರ, ವೈದ್ಯರು ವಿರಳ ಎಂಬ ಮಾತಿಗೆ ಉತ್ತರ ಇಷ್ಟೇ: ಹೆಚ್ಚು ವೈದ್ಯರನ್ನು ನೇಮಿಸಬೇಕು. ಇರುವವರ ನಿದ್ರೆಯಿಂದ ಸಾಲ ತೆಗೆದರೆ ಬಡ್ಡಿಯನ್ನು ತೆರುವವನು ರೋಗಿಯೇ.

ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ಅಳತೆಗೆ ಮುಂಚೆ ಉಪಕರಣದ ಶೂನ್ಯದೋಷವನ್ನು ಪರೀಕ್ಷಿಸಬೇಕೆಂದು ವಿದ್ಯಾರ್ಥಿಗಳಿಗೆ ಮೊದಲ ದಿನವೇ ಹೇಳಿಕೊಡುತ್ತೇವೆ. ಆಸ್ಪತ್ರೆಯಲ್ಲಿ ಎಲ್ಲ ಉಪಕರಣಗಳಿಗಿಂತ ಸೂಕ್ಷ್ಮವಾದುದು ವೈದ್ಯನ ಮಿದುಳು. ಅದರ ದೋಷವನ್ನು ಸರಿಪಡಿಸುವ ಏಕೈಕ ಸಾಧನ ನಿದ್ರೆ.

ಈ ಪುಟವನ್ನು ಓದುವ ವಿದ್ಯಾರ್ಥಿಗಳಲ್ಲಿ ಕೆಲವರು ಮುಂದೆ ವೈದ್ಯರಾಗುವರು. ಎಲ್ಲರೂ ಒಂದಲ್ಲ ಒಂದು ದಿನ ರೋಗಿಗಳಾಗುವರು. ಮೂವತ್ತಾರು ಗಂಟೆ ಕಣ್ಣು ಮುಚ್ಚದೆ ದುಡಿದ ವೈದ್ಯನ ಕಥೆಯನ್ನು ಕೇಳಿದಾಗ ಚಪ್ಪಾಳೆ ತಟ್ಟುವ ಮುನ್ನ, ಆ ಕಡೆಯ ಗಂಟೆಯಲ್ಲಿ ಅವನ ಕೈಗೆ ಸಿಕ್ಕ ರೋಗಿ ಯಾರೆಂದು ಕೇಳಿರಿ.