ದೊಡ್ಡಮಳೂರು ದೊಡ್ಡಮಳೂರಿಗೆ ಸಮವಲ್ಲವೆ?



ಕಳೆದ ತಿಂಗಳು ನಮ್ಮೂರಿನ ವೃದ್ಧೆಯೊಬ್ಬರ ಅರ್ಜಿ ಒಂದು ಕಚೇರಿಯಲ್ಲಿ ತಿರಸ್ಕೃತವಾಯಿತು. ಒಂದು ದಾಖಲೆಯಲ್ಲಿ ಊರಿನ ಹೆಸರು ‘ದೊಡ್ಡಮಳೂರು’, ಇನ್ನೊಂದರಲ್ಲಿಯೂ ‘ದೊಡ್ಡಮಳೂರು’. ಕಣ್ಣಿಗೆ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಗಣಕಯಂತ್ರ ಮಾತ್ರ ‘ಸಮವಲ್ಲ’ ಎಂದಿತು.

ತಂತ್ರಾಂಶ ಬರೆಯುವ ಹಳೆಯ ಶಿಷ್ಯನೊಬ್ಬನು ಎರಡೂ ಕಡತಗಳನ್ನು ತೆರೆದು ನೋಡಿ ಕಾರಣ ಹೇಳಿದನು. ಯೂನಿಕೋಡಿನಲ್ಲಿ ಒಕಾರದ ಚಿಹ್ನೆಗೆ ತನ್ನದೇ ಸಂಕೇತವಿದೆ. ಅದನ್ನೇ ಎಕಾರದ ಚಿಹ್ನೆ, ಅದರ ಬೆನ್ನಿಗೆ ಊಕಾರದ ಚಿಹ್ನೆ ಎಂದು ಎರಡಾಗಿಯೂ ದಾಖಲಿಸಬಹುದು. ಹೀಗಾಗಿ ನಮ್ಮೂರಿನ ಹೆಸರು ಒಂದೆಡೆ 10 ಸಂಕೇತ, ಇನ್ನೊಂದೆಡೆ 11. ಇವೆರಡೂ ಒಂದೇ ಎಂದು ಯೂನಿಕೋಡ್ ನಿಯಮವೇ ಹೇಳುತ್ತದೆ. ಹೋಲಿಸುವ ಮುನ್ನ ಎರಡನ್ನೂ ಒಂದೇ ರೂಪಕ್ಕೆ ತರುವುದು ಒಂದು ಸಾಲಿನ ಕೆಲಸವಂತೆ. ಆ ಸಾಲನ್ನು ಬರೆಯದವರ ಆಲಸ್ಯಕ್ಕಾಗಿ ಆ ತಾಯಿ ನಾಲ್ಕು ಬಾರಿ ಬಸ್ಸು ಹತ್ತಬೇಕೆ?

ಹಾಗೆಂದು ಎಲ್ಲವನ್ನೂ ಸಡಿಲಗೊಳಿಸಿರೆಂದು ನಾನು ಹೇಳುವವನಲ್ಲ. ‘ಲ’, ‘ಳ’ ಒಂದೇ ಎಂದರೆ ಹಳ್ಳಿ ಹಲ್ಲಿಯಾದೀತು, ಬೆಳೆ ಬೆಲೆಯಾದೀತು. (ಇದಕ್ಕಾಗಿ ನನ್ನಿಂದ ಕಿವಿ ಹಿಂಡಿಸಿಕೊಂಡವರು ಈಗ ನಗುತ್ತಿರಬಹುದು.) ಇಂಗ್ಲಿಷಿನಲ್ಲಿ ಆ ಭೇದವೇ ಇಲ್ಲ, ನಮ್ಮೂರನ್ನು ಒಂದು ‘ಎಲ್’ ಹಾಕಿಯೂ ಬರೆಯುತ್ತಾರೆ, ಎರಡು ಹಾಕಿಯೂ ಬರೆಯುತ್ತಾರೆ. ಊರು ಕದಲದಿದ್ದರೂ ಜಿಲ್ಲೆ 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಒಡೆದು ರಾಮನಗರವಾಯಿತು, 2025ರಲ್ಲಿ ಬೆಂಗಳೂರು ದಕ್ಷಿಣವಾಯಿತು. ಇಂಥಲ್ಲಿ ಯಂತ್ರವು ಸಂಶಯವನ್ನಷ್ಟೇ ಸೂಚಿಸಲಿ. ತಿರಸ್ಕರಿಸುವ ಮೊದಲು ಮನುಷ್ಯನೊಬ್ಬನು ದಾಖಲೆಗಳನ್ನು ಓದಲಿ.

ಸೋಮವಾರ ಆ ತಾಯಿಯೊಡನೆ ನಾನೇ ಕಚೇರಿಗೆ ಹೋಗುತ್ತಿದ್ದೇನೆ.