ಮಾರುವವನ ವಿದ್ಯೆ

ತಾನು ಮಾರುವ ವಸ್ತುವನ್ನು ಬಲ್ಲವನೇ ವ್ಯಾಪಾರಿ ಎಂಬುದು ನಮ್ಮ ಹಿರಿಯರ ಎಣಿಕೆ. ಚಿನಿವಾರನಿಗೆ ಒರೆಗಲ್ಲಿನ ಗುಟ್ಟು ತಿಳಿದಿರಬೇಕು. ದನದ ಸಂತೆಯ ದಲ್ಲಾಳಿಗೆ ಎತ್ತಿನ ಹಲ್ಲೂ ಸುಳಿಯೂ ತಿಳಿದಿರಬೇಕು. ಇಂದು ಮಾರಾಟಕ್ಕೆ ಬರುವ ಅನೇಕ ವಸ್ತುಗಳ ಗುಣದೋಷಗಳು ಕಣ್ಣಿಗೆ ಕಾಣುವಂಥವಲ್ಲ. ಆದುದರಿಂದಲೇ ದೊಡ್ಡ ತಂತ್ರಜ್ಞಾನ ಸಂಸ್ಥೆಗಳು ಮಾರಾಟಕ್ಕೆಂದೇ ಎಂಜಿನಿಯರರನ್ನು ನೇಮಿಸುವ ಪದ್ಧತಿ ಬೆಳೆಯಿತು. ಯಂತ್ರವನ್ನು ಬಿಚ್ಚಿ ಜೋಡಿಸಬಲ್ಲವನೇ ಅದರ ಗುಣವನ್ನು ಹೇಳಲಿ ಎಂಬುದು ಅದರ ಹಿಂದಿನ ವಿವೇಕ. ಈಗ ಹೆಸರಿನಲ್ಲಿ ಎಂಜಿನಿಯರು ಉಳಿದು, ಕೆಲಸದಲ್ಲಿ ಬರಿಯ ಮಾರಾಟ ಉಳಿಯುತ್ತಿದೆ ಎಂಬ ದೂರು ಕಂಪ್ಯೂಟರ್ ವ್ಯವಹಾರದಲ್ಲಿಯೂ ಕೇಳಿಬರುತ್ತದೆ. ಆದರೆ ಅಲ್ಲಿ ಕೊಳ್ಳುವವನೂ ತಿಳಿದವನು; ತಪ್ಪು ಕಂಡರೆ ಪ್ರಶ್ನಿಸಬಲ್ಲ. ಈ ಕೊರತೆಯ ನಿಜವಾದ ಬೆಲೆಯನ್ನು ಅರಿಯಬೇಕಾದರೆ ರಾಯಚೂರು ಜಿಲ್ಲೆಯ ಮಲ್ಲಟದಂಥ ಊರುಗಳ ಕಡೆಗೆ, ಅಲ್ಲಿಯ ರೈತ ಕಾಲಿಡುವ ಗೊಬ್ಬರದಂಗಡಿಯ ಕಡೆಗೆ ನೋಡಬೇಕೆಂದು ನನಗೆ ತೋರುತ್ತದೆ.

ರಾಯಚೂರು, ದೇವದುರ್ಗ, ಮಾನ್ವಿಗಳ ಈ ಸೀಮೆ ಎರೆಯ ನೆಲ. ಹತ್ತಿ, ತೊಗರಿ, ಜೋಳ ಇಲ್ಲಿಯ ಬೆಳೆಗಳು. ತುಂಗಭದ್ರೆಯ ಅಥವಾ ಕೃಷ್ಣೆಯ ಕಾಲುವೆಯ ನೀರು ತಲುಪಿದಲ್ಲಿ ಭತ್ತ. ಬೀಜ, ಗೊಬ್ಬರ, ಕೀಟನಾಶಕ ಮೂರೂ ಒಂದೇ ಅಂಗಡಿಯಲ್ಲಿ ಉದ್ರಿಯ ಮೇಲೆ ದೊರೆಯುತ್ತವೆ. ಕೀಟನಾಶಕಕ್ಕೆ ರೈತರ ಬಾಯಲ್ಲಿ ಎಣ್ಣೆಯೆಂದೇ ಹೆಸರು. ಮುರುಟಿದ ಎಲೆಯೊಂದನ್ನು ಕೈಯಲ್ಲಿ ಹಿಡಿದು, “ಇದಕ್ಕ ಯಾವ ಎಣ್ಣಿ ಹೊಡೀಬೇಕ್ರಿ ಸಾವ್ಕಾರ್ರ?” ಎಂದು ಕೇಳುವ ರೈತ ವ್ಯಾಪಾರ ಮಾಡುತ್ತಿಲ್ಲ, ವಿದ್ಯೆಯನ್ನು ಬೇಡುತ್ತಿದ್ದಾನೆ. ಇದು ನಮ್ಮ ಸೀಮೆಯೊಂದರ ಮಾತಲ್ಲ. 2003ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಬೇಸಾಯದ ತಿಳಿವಳಿಕೆಗೆ ಮಾರಾಟಗಾರನನ್ನು ನೆಚ್ಚಿದ ರೈತ ಕುಟುಂಬಗಳು ಶೇಕಡ 13ರಷ್ಟಿದ್ದವು. ಸರ್ಕಾರಿ ವಿಸ್ತರಣಾ ಕಾರ್ಯಕರ್ತನನ್ನು ನೆಚ್ಚಿದವು ಶೇಕಡ 6ರಷ್ಟು ಮಾತ್ರ. ಒಂದು ಕಾಲಕ್ಕೆ ಗ್ರಾಮಸೇವಕನ ಮುಂದೆ ಇಡುತ್ತಿದ್ದ ಪ್ರಶ್ನೆ ಅಂಗಡಿಯ ಕಟ್ಟೆಗೆ ಬಂದಿದೆ. ಉತ್ತರ ಹೇಳುವ ವಿದ್ಯೆ ಮಾತ್ರ ಅದರೊಡನೆ ಬರಲಿಲ್ಲ.

ಇದರಿಂದ ಏನಾಯಿತೆಂಬುದಕ್ಕೆ ಹತ್ತಿಯೇ ಸಾಕ್ಷಿ. 2002ರಲ್ಲಿ ಬಿ.ಟಿ. ಹತ್ತಿಗೆ ಭಾರತದಲ್ಲಿ ಅನುಮತಿ ದೊರೆಯಿತು. ಆಗ 450 ಗ್ರಾಮಿನ ಬಿ.ಟಿ. ಬೀಜದೊಡನೆ 120 ಗ್ರಾಮಿನ ಸಾಧಾರಣ ಬೀಜದ ಪೊಟ್ಟಣವನ್ನೂ ಕೊಡುತ್ತಿದ್ದರು. ಅದನ್ನು ಹೊಲದ ಸುತ್ತ ಬಿತ್ತಬೇಕಾಗಿತ್ತು. ಆ ಸಾಲುಗಳಲ್ಲಿ ವಿಷದ ಸೋಂಕಿಲ್ಲದೆ ಬೆಳೆದ ಹುಳುಗಳು, ವಿಷವನ್ನು ತಾಳಿ ಉಳಿದ ಹುಳುಗಳೊಡನೆ ಕೂಡಿದರೆ ಮುಂದಿನ ಪೀಳಿಗೆಗೆ ಆ ತಾಳಿಕೆ ಬೇಗ ಬಾರದು ಎಂಬುದು ಅದರ ತತ್ತ್ವ. ಐದು ನಿಮಿಷದಲ್ಲಿ ಹೇಳಿ ಮುಗಿಸಬಹುದಾದ ಮಾತು. ಆದರೆ ಹೇಳುವವರು ವಿರಳವಾದರು; ಎಷ್ಟೋ ಹೊಲಗಳಲ್ಲಿ ಆ ಪೊಟ್ಟಣ ಬದುವಿನ ಪಾಲಾಯಿತು. ಮುಂದೆ ಗುಲಾಬಿ ಕಾಯಿಕೊರಕ ಬಿ.ಟಿ.ಯ ವಿಷವನ್ನು ಜಯಿಸಿತು. ಅದಕ್ಕೆ ಬೇರೆ ಕಾರಣಗಳೂ ಇವೆ, ನಿಜ. ಆದರೆ ಹೇಳದೆ ಉಳಿದ ಆ ಐದು ನಿಮಿಷದ ಮಾತೂ ಅವುಗಳಲ್ಲಿ ಒಂದು.

ಹೋದದ್ದು ಬೆಳೆ ಮಾತ್ರವಾಗಿದ್ದರೆ ಸಹಿಸಬಹುದಾಗಿತ್ತು. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯ ಹತ್ತಿ ಹೊಲಗಳಲ್ಲಿ ಕೀಟನಾಶಕ ಸಿಂಪಡಿಸುತ್ತ ವಿಷವೇರಿ 20ಕ್ಕೂ ಹೆಚ್ಚು ಮಂದಿ ಪ್ರಾಣ ಬಿಟ್ಟರು. ಕೀಟನಾಶಕದ ಡಬ್ಬಿಯ ಮೇಲೆ ವಜ್ರಾಕೃತಿಯ ಒಂದು ಗುರುತಿರುತ್ತದೆ. ಅದರ ಕೆಳಭಾಗ ಕೆಂಪಾಗಿದ್ದರೆ ಅತ್ಯುಗ್ರ ವಿಷ, ಹಳದಿಯಾಗಿದ್ದರೆ ಅದಕ್ಕಿಂತ ಕಡಿಮೆ, ನೀಲಿ ಮಧ್ಯಮ, ಹಸಿರು ಅಲ್ಪ. ಹೇಳುವವರಿಲ್ಲದಿದ್ದರೆ ಹಸಿರೆಂದರೆ ವಿಷವೇ ಅಲ್ಲವೆಂದು ರೈತ ತಿಳಿಯುವುದು ಸಹಜವಲ್ಲವೆ?

ಅಂಗಡಿಯವನನ್ನು ದೂರಿ ಕೈತೊಳೆದುಕೊಳ್ಳುವುದು ಸುಲಭ, ನ್ಯಾಯವಲ್ಲ. ಅವನಿಗೆ ಕಲಿಸಬೇಕಾದವನು ಸಂಸ್ಥೆಯ ಪ್ರತಿನಿಧಿ. ಆ ತರುಣನನ್ನು ಅಳೆಯುವ ಕೋಲು ಒಂದೇ: ಈ ತಿಂಗಳು ಎಷ್ಟು ಡಬ್ಬಿ ಮಾರಿದೆ? ಹೊಲಕ್ಕೆ ಹೋಗಿ ಹುಳುವನ್ನು ಗುರುತಿಸಿ, “ಈಗ ಹೊಡೆಯುವುದು ಬೇಡ, ವಾರ ಕಾಯಿರಿ” ಎಂದು ಹೇಳಿದ ದಿನ ಅವನ ಲೆಕ್ಕದಲ್ಲಿ ನಷ್ಟದ ದಿನ. ವಿದ್ಯೆಯನ್ನು ಶಿಕ್ಷಿಸುವ ಲೆಕ್ಕದ ಕೆಳಗೆ ವಿದ್ಯೆ ಎಷ್ಟು ದಿನ ಬಾಳೀತು?

ಇದಕ್ಕೆ ವ್ಯತಿರಿಕ್ತವಾದ ಪರಂಪರೆಯೂ ನಮ್ಮಲ್ಲಿದೆ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭವಾದ ಕಿರ್ಲೋಸ್ಕರ ಉದ್ಯಮ ಮುಂದೆ ಕಬ್ಬಿಣದ ನೇಗಿಲನ್ನು ತಯಾರಿಸಿತು. ಕಬ್ಬಿಣ ತಾಗಿದರೆ ನೆಲಕ್ಕೆ ವಿಷವೇರುತ್ತದೆಂದು ರೈತರು ಅಂಜಿದರು. ಅದನ್ನು ಮಾರಹೊರಟ ಲಕ್ಷ್ಮಣರಾವ್ ಕಿರ್ಲೋಸ್ಕರರು ಮುಂಬಯಿಯ ತಾಂತ್ರಿಕ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದವರು. ನೇಗಿಲನ್ನು ಮಾಡಬಲ್ಲವರೇ ಅದನ್ನು ವಿವರಿಸಲೂ ಬಲ್ಲವರಾಗಿದ್ದರು. ಅಂಜಿಕೆ ಕ್ರಮೇಣ ಕರಗಿತು.

ಪರಿಹಾರದ ಯತ್ನಗಳು ಇಲ್ಲವೆಂದಲ್ಲ. ಹೈದರಾಬಾದಿನ ‘ಮ್ಯಾನೇಜ್’ ಸಂಸ್ಥೆ 2003ರಲ್ಲಿ ಮಾರಾಟಗಾರರಿಗಾಗಿಯೇ ಒಂದು ವರ್ಷದ ಡಿಪ್ಲೊಮಾ ಆರಂಭಿಸಿತು. 2008ರಲ್ಲಿ ಸ್ಥಾಪನೆಯಾದ ಕೃಷಿ ವಿಶ್ವವಿದ್ಯಾನಿಲಯ ರಾಯಚೂರಿನಲ್ಲಿಯೇ ಇದೆ. ಆದರೆ ಗೋಡೆಗೆ ತೂಗುಹಾಕಿದ ಪ್ರಮಾಣಪತ್ರ ಗಿರಾಕಿಯೊಡನೆ ಮಾತನಾಡಲಾರದು. ಕಟ್ಟೆಯ ಮೇಲೆ ಕುಳಿತು ಮಾರುವವನಿಗೇ ಆ ಓದು ದೊರೆಯಬೇಕು. “ಬೇಡ” ಎಂದ ಪ್ರತಿನಿಧಿಗೂ ಸಂಸ್ಥೆ ಮನ್ನಣೆ ಕೊಡಬೇಕು. ಈಗ ಎಲ್ಲವೂ ಫೋನಿನಲ್ಲಿ ದೊರೆಯುತ್ತದೆಂದು ಕೆಲವರು ಹೇಳುತ್ತಾರೆ. ದೊರೆಯಬಹುದು, ಆದರೆ ಉದ್ರಿ ಕೊಟ್ಟವನ ಮಾತನ್ನು ಮೀರುವ ಧೈರ್ಯ ಫೋನಿನಲ್ಲಿ ದೊರೆಯದು.

ಈ ಪುಟವನ್ನು ಓದುವ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ನಾಳೆ ಇಂತಹ ಸಂಸ್ಥೆಗಳ ಮಾರಾಟದ ಕೆಲಸಕ್ಕೆ ಸೇರುವರು. ಅದು ಕೀಳು ಕೆಲಸವಲ್ಲ. ಪ್ರಯೋಗಶಾಲೆಯಲ್ಲಿ ಹುಟ್ಟಿದ ವಿದ್ಯೆ ಹೊಲವನ್ನು ಸೇರುವ ಹಾದಿಯಲ್ಲಿ ಕೊನೆಯ ಉಪಾಧ್ಯಾಯ ಅವನೇ. ಆ ವಿದ್ಯೆಯನ್ನು ಕನ್ನಡದಲ್ಲಿ, ಅದೂ ಎರೆಯ ಸೀಮೆಯ ರೈತನಿಗೆ ತಿಳಿಯುವ ಕನ್ನಡದಲ್ಲಿ ಹೇಳಲು ಕಲಿಸುವ ಹೊಣೆ ಅಧ್ಯಾಪಕರದು. ಶಾಲೆಯ ಉಪಾಧ್ಯಾಯ ತಪ್ಪು ಹೇಳಿದರೆ ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ. ಈ ಉಪಾಧ್ಯಾಯ ತಪ್ಪು ಹೇಳಿದರೆ ಒಂದು ಮನೆಯ ವರ್ಷದ ಅನ್ನ ಹೋಗುತ್ತದೆ.